ಷರಾ

ಮೂವತ್ತೊಂದು ವರ್ಷ ದಾವಣಗೆರೆ ಬಸ್ ಸ್ಟ್ಯಾಂಡಿನ
ಗೂಡಿನಂಥ ಕೋಣೆಯಲ್ಲಿ ಕೂತು
ಊರೂರಿಗೆ ಬಸ್ಸು ಹೊರಡಿಸಿದವನು ನಾನು.
ಹರಪನಹಳ್ಳಿ ಐದು ನಲವತ್ತು, ಹೊಸದುರ್ಗ ಆರು ಐದು,
ಜಗಳೂರಿನದು ಯಾವತ್ತೂ ಎರಡು ನಿಮಿಷ ತಡ.
ಒಂದನ್ನೂ ಹತ್ತಿ ಕೂತವನಲ್ಲ.

ನಿವೃತ್ತಿಯಾದ ಮೊದಲ ಭಾನುವಾರ
ದುರ್ಗಕ್ಕೆ ಹೋಗಿಬರೋಣ ಅಂದಳು ಹಾಲಮ್ಮ.
ಅರವತ್ತು ಕಿಲೋಮೀಟರು.
ಮೂರು ರಾತ್ರಿ ಕೂತು ಪಟ್ಟಿ ಬರೆದೆ,
ಕೆಳಗೆ ಕಾರ್ಬನ್ನಿಟ್ಟು ಅವಳಿಗೊಂದು ಪ್ರತಿ:
ಹೊರಡುವುದು, ಸೇರುವುದು, ಸ್ಥಳ,
ಕೊನೆಗೆ, ಅಭ್ಯಾಸಬಲ, ಷರಾ ಎಂಬ ಅಂಕಣ.
ಎಂಟೂಕಾಲಿಗೆ ಕೋಟೆ ಬಾಗಿಲು.
ಒಂಬತ್ತು ಹತ್ತಕ್ಕೆ ಅಕ್ಕ ತಂಗಿ ಹೊಂಡ, ಹದಿನೈದು ನಿಮಿಷ.
ಒಂಬತ್ತೂವರೆಗೆ ಹಾಲಮ್ಮನಿಗೆ ಸುಸ್ತು, ಐದು ನಿಮಿಷ.
ಅದನ್ನೋದಿ ಅವಳು ನಕ್ಕ ಸದ್ದಿಗೆ
ಪಕ್ಕದ ಮನೆಯ ನಾಯಿ ಬೊಗಳಿತು.

ಭರಮಸಾಗರದಲ್ಲಿ ಎರಡು ನಿಮಿಷದ ನಿಲುಗಡೆ.
ಕಿಟಕಿಯಾಚೆ ಬುಟ್ಟಿ ತುಂಬ ಸೀತಾಫಲ,
ಕಣ್ಣು ಬಿಟ್ಟವು, ಮುಟ್ಟಿದರೆ ಒಡೆಯುವಂಥವು.
'ಬಂದೆ' ಅಂದವಳು ಬುಟ್ಟಿಯೆದುರು ಕುಕ್ಕರುಗಾಲಲ್ಲಿ ಕೂತು
ಒಂದೊಂದನ್ನೇ ಒತ್ತಿ ನೋಡುತ್ತ
ಮಾರುವಾಕೆಯ ಸೊಸೆಯ ಬಾಣಂತನ ವಿಚಾರಿಸತೊಡಗಿದಳು.
ಡ್ರೈವರು ತಿರುಗಿ ನೋಡಿದ. ನನ್ನ ಕೈಲೇ ಪಳಗಿದವನು,
ಒಂದು ನಿಮಿಷಕ್ಕೆ ಮೆಮೊ ತಿಂದವನು.
'ಸಾರ್, ಟೈಮಾತು.'
ಸ್ವಲ್ಪ ಕಾಯಪ್ಪಾ ಅನ್ನಲು ನಾಲಿಗೆ ಏಳಲಿಲ್ಲ.
ಇಳಿದೆ.

ಹೊಗೆಯುಗುಳಿ ಹೋಯಿತು ನನ್ನ ಆರು ಇಪ್ಪತ್ತು.
ರಸ್ತೆಯಂಚಿಗೆ ನಾನು, ಹಾಲಮ್ಮ, ಹನ್ನೊಂದು ಸೀತಾಫಲ.
ಸಿಟ್ಟು ಬರಬೇಕಿತ್ತು. ಬಂತು ಕೂಡ.
ಹಣ್ಣು ಬಿಡಿಸಿ ಕೈಗಿಟ್ಟಳು.
ಬಾಯಿ ತುಂಬ ಬೀಜ ಇಟ್ಟುಕೊಂಡು ಬೈಯುವುದು ಹೇಗೆ?

ಆಮೇಲೆ ಕೈ ತೋರಿದ್ದಕ್ಕೆ ನಿಂತದ್ದು ದಾದಾಪೀರನ ಲಗೇಜ್ ಆಟೋ.
ನಮ್ಮೂರ ಭಟ್ಟಿಯ ಮಂಡಕ್ಕಿ, ಆಳೆತ್ತರದ ಚೀಲಗಳು,
ಒಂದಕ್ಕೂ ತೂಕವಿಲ್ಲ.
'ಮೇಲೆ ಕುಂದ್ರಬ್ಯಾಡ್ರಿ, ಪುಡಿಯಾಕ್ಕತಿ. ಸಂದ್ಯಾಗೆ ತೂರಿಕೊಳ್ರಿ.'
ತೂರಿಕೊಂಡೆವು.
ಗಾಡಿ ಕುಲುಕಿದಾಗೆಲ್ಲ ನಾಕೂ ಕಡೆ ಸೋನೆ ಹಿಡಿದಂತೆ ಸದ್ದು.
ದೂರದ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು
ಬೀಸಿದರೆ ತಿರುಗಿದವು, ಇಲ್ಲದಿದ್ದರೆ ಸುಮ್ಮನೆ ನಿಂತವು,
ಯಾರೂ ಅವಕ್ಕೆ ಮೆಮೊ ಕೊಡಲಿಲ್ಲ.

ಅವನು ಇಳಿಸಿದ್ದು ಚಂದ್ರವಳ್ಳಿಯ ದಾರಿಯಲ್ಲಿ.
ಬಂಡೆಯ ಮೇಲೆ ಬಂಡೆ, ಅದರಾಚೆ ಕೋಟೆ,
ನನ್ನ ಪಟ್ಟಿಯ ಮೊದಲ ಸಾಲು.
'ಹನ್ನೊಂದಾತು. ಕೋಟೆ ತಪ್ತು' ಅಂದೆ.
'ಕೋಟೆ ಏನು ಬಸ್ಸೇನ್ರೀ, ಬಿಟ್ಟು ಹೋಗಾಕೆ?'

ಗುಹೆಯ ಬಾಯಲ್ಲಿ ದಾರಿ ತೋರುವ ಹುಡುಗ ಇರಲಿಲ್ಲ,
ಊಟಕ್ಕೋ ಎಲ್ಲಿಗೋ ಹೋಗಿದ್ದ.
ಆಗ ತೆಗೆದೆ, ಬಾಬತ್ತು ಹನ್ನೆರಡು:
ಟಾರ್ಚು, ಹೊಸ ಸೆಲ್ಲು, ಮೇಲೆರಡು ಹೆಚ್ಚಿಗೆ.
ಮನೆಯಲ್ಲಿ ಇದಕ್ಕೂ ನಕ್ಕಿದ್ದಳು.
ಈಗ ನಗದೆ ನನ್ನ ತೋಳು ಹಿಡಿದು ಮೆಟ್ಟಿಲಿಳಿದಳು.
ತಲೆ ತಗ್ಗಿಸಿ, ಗೋಡೆ ಸವರಿ, ಒಂದು ಕೋಣೆ, ಇನ್ನೊಂದು ಕೋಣೆ.
ಎಲ್ಲಕ್ಕಿಂತ ಒಳಗಿನದರಲ್ಲಿ ನಿಂತು
'ಆರಿಸ್ರಿ ಒಂದು ಗಳಿಗೆ' ಅಂದಳು.
ಆರಿಸಿದೆ.
ಅಂಥ ಕತ್ತಲೆ ನಾನು ಕಂಡಿರಲಿಲ್ಲ.
ನನ್ನ ವಾಚಿನ ರೇಡಿಯಂ ಮುಳ್ಳು ಮಾತ್ರ ಹಸಿರಾಗಿ ಮಿನುಗುತ್ತಿತ್ತು.
ಅದರ ಮೇಲೆ ಅಂಗೈ ಮುಚ್ಚಿದಳು.

ರಾತ್ರಿಯ ಬಸ್ಸು ತಪ್ಪಲಿಲ್ಲ.
ಅದರ ವೇಳೆ ನನಗೆ ನಿದ್ದೆಗಣ್ಣಲ್ಲೂ ಬಾಯಿಪಾಠ.

ಮೊನ್ನೆ ಅವಳ ಚೀಲ ಕೊಡವುವಾಗ ಸಿಕ್ಕಿತು ಕಾರ್ಬನ್ ಪ್ರತಿ,
ಹಣ್ಣಿನ ಅಂಟಿಗೆ ಮಡಿಕೆ ಬಿಡಿಸಲಾಗದಂತೆ.
ನೀರು ಚಿಮುಕಿಸಿ ಬಿಡಿಸಿದೆ. ಷರಾದಲ್ಲಿ ಅವಳ ದುಂಡನೆ ಅಕ್ಷರ:
ಕೋಟೆ ಬಾಗಿಲು: ಕೆಳಗಿಂದ ಚಲೋ ಕಾಣ್ತು.
ಹಾಲಮ್ಮನಿಗೆ ಸುಸ್ತು: ಆಗಲಿಲ್ಲ. ನಿಮಗಾತು.
ಟಾರ್ಚು: ತಂದಿದ್ದು ಬೇಸಾತು.
ಕೊನೆಯ ಸಾಲಿನ ಮುಂದೆ ಏನೋ ಬರೆದು ಹೊಡೆದುಹಾಕಿದ್ದಾಳೆ.
ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ,
ಅವಳು ಸಂತೆಯಿಂದ ಬರುವಷ್ಟರಲ್ಲಿ ಓದಬೇಕು.